ಅರವತ್ತಕ್ಕೆ ಹಾಕಿದರೆ ಬಣ್ಣ ಹೋಗುವ ಮೆಗಾ ಡ್ರೈವ್: ಬೆಂಗಳೂರಿನ ಒಂದು ಪ್ರಕರಣ ಅಧ್ಯಯನ

ಯಂತ್ರ ಮತ್ತು ದೂರು

ಪರಿಶೀಲನೆಗೆ ಬಂದ ಯಂತ್ರ ಸೆಗಾ ಕಂಪನಿಯ ಮೆಗಾ ಡ್ರೈವ್, ಅದರಲ್ಲೂ ಮೊದಲ ಮಾದರಿ. ಜಪಾನಿನಲ್ಲಿ 1988ರಲ್ಲಿ, ಅಮೆರಿಕದಲ್ಲಿ ಜೆನೆಸಿಸ್ ಎಂಬ ಹೆಸರಿನಿಂದ 1989ರಲ್ಲಿ, ಯುರೋಪಿನಲ್ಲಿ 1990ರಲ್ಲಿ ಮಾರುಕಟ್ಟೆಗೆ ಬಂದ ಈ ಗೇಮ್ ಕನ್ಸೋಲ್ ಭಾರತದಲ್ಲಿ ಅಧಿಕೃತವಾಗಿ ಸಿಗತೊಡಗಿದ್ದು 1995ರಲ್ಲಿ, ಶಾ ವಾಲೇಸ್ ಸಂಸ್ಥೆಯ ಮೂಲಕ, 18,000 ರೂಪಾಯಿ ಬೆಲೆಗೆ. ಅದಕ್ಕೂ ಮೊದಲು ಬೆಂಗಳೂರಿನ ಮನೆಗಳಿಗೆ ಬಂದ ಮೆಗಾ ಡ್ರೈವ್‌ಗಳು ಬಹುಪಾಲು ಪರದೇಶದ ನೆಂಟರ ಸೂಟ್‌ಕೇಸಿನಲ್ಲಿ ಬಂದವು. ಈ ಯಂತ್ರವೂ ಹಾಗೆಯೇ ಬಂದದ್ದು. ಬಸವನಗುಡಿಯ ಮಾಲೀಕರಿಗೆ ಅವರ ಸೋದರಮಾವ ಇಂಗ್ಲೆಂಡಿನಿಂದ ತಂದುಕೊಟ್ಟ ಬ್ರಿಟಿಷ್ ಮಾದರಿ. ಮಾಲೀಕರು ಈಗ ಕಾಲೇಜಿನಲ್ಲಿ ಅಧ್ಯಾಪಕರು. ಅವರ ತಂಗಿ ಉದ್ಯೋಗನಿಮಿತ್ತ ಜಪಾನಿನಲ್ಲಿದ್ದಾಗ ಅಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಿಂದ ಒಂದು ಡಬ್ಬದಷ್ಟು ಜಪಾನೀ ಕಾರ್ಟ್ರಿಜ್‌ಗಳನ್ನು ತಂದಿದ್ದರು, ಅವುಗಳನ್ನು ಆಡಬೇಕೆಂಬ ಆಸೆಯಿಂದಲೇ ಮೂಲೆ ಸೇರಿದ್ದ ಯಂತ್ರ ಮತ್ತೆ ಹೊರಬಂದಿತ್ತು.

ನಮ್ಮ ಕೈಗೆ ಬರುವ ಮೊದಲೇ ನಗರದ ಒಂದು ಅಂಗಡಿಯಲ್ಲಿ ಅದರ ಹಿಂಬದಿಗೆ ಎರಡು ಚಿಕ್ಕ ಸ್ವಿಚ್‌ಗಳನ್ನು ಕೂರಿಸಲಾಗಿತ್ತು. ಒಂದು ಭಾಷೆಗೆ, ಇನ್ನೊಂದು 50 ಮತ್ತು 60 ಹರ್ಟ್ಸ್ ನಡುವಿನ ಆಯ್ಕೆಗೆ. ಎರಡನೆಯ ಸ್ವಿಚ್ಚನ್ನು 60ಕ್ಕೆ ಹಾಕಿದಾಗ ಚಿತ್ರ ಪರದೆಯನ್ನು ತುಂಬಿಕೊಳ್ಳುತ್ತಿತ್ತು, ಆಟ ಚುರುಕಾಗುತ್ತಿತ್ತು, ಆದರೆ ಬಣ್ಣ ಪೂರ್ತಿ ಮಾಯವಾಗಿ ಕಪ್ಪುಬಿಳುಪು ಉಳಿಯುತ್ತಿತ್ತು. ಮನೆಯಲ್ಲಿದ್ದ ಹಳೆಯ 21 ಇಂಚಿನ, ಹಲವು ದೇಶಗಳ ಮಾನಕ ಹಿಡಿಯುವ ಮಲ್ಟಿಸಿಸ್ಟಂ ಸಿಆರ್‌ಟಿ ಟಿವಿಯಲ್ಲೂ ಹಾಲಿನ ಎಲ್‌ಇಡಿ ಟಿವಿಯಲ್ಲೂ ಇದೇ ಗತಿ. ವಿಡಿಯೋ ಚಿಪ್ ಸವೆದಿದೆ, ಬೇರೆ ಯಂತ್ರ ಹುಡುಕಿಕೊಳ್ಳಿ ಎಂದು ಅಂಗಡಿಯಲ್ಲಿ ಹೇಳಿ ಕಳುಹಿಸಿದ್ದರಂತೆ. ಮಾಲೀಕರ ಬೇಡಿಕೆ ಮೂರು ಮಾತಿನದು: 60ರಲ್ಲಿ ಬಣ್ಣ ಬರಬೇಕು, ಮಾವ ತಂದ ಹಳೆಯ ಬ್ರಿಟಿಷ್ ಕಾರ್ಟ್ರಿಜ್‌ಗಳು 50ರಲ್ಲಿ ಮೊದಲಿನಂತೆಯೇ ನಡೆಯಬೇಕು, ಪೆಟ್ಟಿಗೆಗೆ ಇನ್ನೊಂದು ತೂತು ಕೊರೆಯಬಾರದು.

ಈ ಬಗೆಯ ದೂರು ಅಪರೂಪದ್ದಲ್ಲ. ಸ್ವಿಚ್ ಕೂರಿಸುವ ವಿಧಾನ ಎಲ್ಲೆಡೆ ಪ್ರಚಲಿತವಿದೆ. ಅದನ್ನು ಕೂರಿಸಿದ ಮೇಲೆ ಬಣ್ಣ ಏಕೆ ಹೋಗುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವರು ಪರಿಶೀಲಿಸುವುದಿಲ್ಲ. ಒಂದು ದೇಶದ ವಿಡಿಯೋ ಮಾನಕ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಕವಾಗಿವೆ. ಯಂತ್ರ ಯಾವ ಪ್ರದೇಶದ್ದೆಂದು ಆಟಕ್ಕೆ ಹೇಳುವ ಗುರುತು, ಚಿತ್ರ ಮರುಕಳಿಸುವ ವೇಗ, ಮತ್ತು ಬಣ್ಣವನ್ನು ಹೊತ್ತೊಯ್ಯುವ ಅಲೆಯ ಆವರ್ತನ. ಹಿಂದೆ ಕೂರಿಸಿದ್ದ ಎರಡು ಸ್ವಿಚ್‌ಗಳು ಮೊದಲ ಎರಡನ್ನು ಬದಲಿಸುತ್ತಿದ್ದವು. ಮೂರನೆಯದರ ಕಡೆ ಯಾರೂ ಹೋಗಿರಲಿಲ್ಲ.

ಐವತ್ತು ಮತ್ತು ಅರವತ್ತರ ವ್ಯತ್ಯಾಸ

ಭಾರತದ ದೂರದರ್ಶನ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣಕ್ಕೆ ಬಂದಾಗ ಆಯ್ದುಕೊಂಡದ್ದು ಪಾಲ್ ಪದ್ಧತಿಯನ್ನು. ಜರ್ಮನಿಯ ಟೆಲಿಫುಂಕನ್ ಕಂಪನಿಯಲ್ಲಿ ವಾಲ್ಟರ್ ಬ್ರೂಖ್ ರೂಪಿಸಿದ, 1967ರಲ್ಲಿ ಪಶ್ಚಿಮ ಜರ್ಮನಿ ಮತ್ತು ಬ್ರಿಟನ್ನಿನಲ್ಲಿ ಪ್ರಸಾರಕ್ಕೆ ಬಂದ ಪದ್ಧತಿ ಅದು. ಅದರಲ್ಲಿ ಒಂದು ಚೌಕಟ್ಟಿಗೆ 625 ಗೆರೆ, ಸೆಕೆಂಡಿಗೆ 50 ಫೀಲ್ಡ್ (ಪರದೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಬರೆಯುವ ಸುತ್ತು), ಬಣ್ಣದ ಉಪವಾಹಕ, ಅಂದರೆ ಬಣ್ಣವನ್ನು ಹೊತ್ತೊಯ್ಯುವ ಅಲೆ, 4.43361875 ಮೆಗಾಹರ್ಟ್ಸ್. ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ 59.94 ಫೀಲ್ಡ್, ಉಪವಾಹಕ 3.579545 ಮೆಗಾಹರ್ಟ್ಸ್. ಅಮೆರಿಕದ ಬಂಧುಗಳು ಕಳುಹಿಸಿದ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಆ ಕಾಲದಲ್ಲಿ ಜಯನಗರದ ಯಾವುದೋ ಮನೆಯ ವಿಸಿಆರ್‌ಗೆ ಹಾಕಿ, ಕಪ್ಪುಬಿಳುಪಾಗಿ ಉರುಳುವ ಚಿತ್ರ ನೋಡಿದವರಿಗೆ ಈ ಅಂಕಿಗಳ ಪರಿಣಾಮ ಗೊತ್ತೇ ಇದೆ.

ಪಾಲ್ ಎಂದಾಕ್ಷಣ ಎಲ್ಲ ಪಾಲ್ ಒಂದೇ ಅಲ್ಲ. ಭಾರತದಲ್ಲಿ ಪ್ರಸಾರವಾದದ್ದು ಚಿತ್ರಕ್ಕೂ ಧ್ವನಿಗೂ 5.5 ಮೆಗಾಹರ್ಟ್ಸ್ ಅಂತರವಿರುವ ಬಗೆ. ಬ್ರಿಟನ್ನಿನ ಬಗೆಯಲ್ಲಿ ಆ ಅಂತರ 6 ಮೆಗಾಹರ್ಟ್ಸ್. ಆದ್ದರಿಂದ ಬ್ರಿಟಿಷ್ ಮೆಗಾ ಡ್ರೈವ್‌ನ ಆಂಟೆನಾ ತಂತಿಯನ್ನು ಇಲ್ಲಿನ ಟಿವಿಗೆ ಚುಚ್ಚಿದರೆ ಬಣ್ಣದ ಚಿತ್ರ ಬರುತ್ತದೆ, ಧ್ವನಿ ಮಾತ್ರ ಬರುವುದಿಲ್ಲ. ಮಾಲೀಕರ ಮನೆಯಲ್ಲಿ ಮೊದಲ ಕೆಲವು ತಿಂಗಳು ಆಟಗಳನ್ನೆಲ್ಲ ಮೂಕಿಯಾಗಿ ಆಡಿದ್ದರಂತೆ, ಆಮೇಲೆ ಯಾರೋ ಹಳದಿ ಮತ್ತು ಬಿಳಿ ಪಿನ್ನಿನ ವಿಡಿಯೋ ಕೇಬಲ್ ಮಾಡಿಸಿಕೊಟ್ಟ ಮೇಲೆ ಶಬ್ದ ಬಂತು. ಒಂದೇ ಹೆಸರಿನ ಮಾನಕದೊಳಗೇ ಇಂಥ ಭೇದವಿರುವಾಗ, ಬೇರೆ ಹೆಸರಿನ ಮಾನಕಕ್ಕೆ ಒಂದು ಸ್ವಿಚ್ಚಿನಿಂದ ದಾಟಬಹುದೆಂಬ ನಿರೀಕ್ಷೆಯೇ ಸ್ವಲ್ಪ ಹೆಚ್ಚಿನದು.

ಇನ್ನು ವೇಗದ ಮಾತು. ಮೆಗಾ ಡ್ರೈವ್‌ನಲ್ಲಿ ಎಲ್ಲ ಕಾಲಮಾಪನಕ್ಕೂ ಮೂಲ ಒಂದೇ ಆಸಿಲೇಟರ್, ಅಂದರೆ ಸಮಗತಿಯಲ್ಲಿ ಮಿಡಿಯುವ ಒಂದು ಬಿಡಿಭಾಗ. ಎನ್‌ಟಿಎಸ್‌ಸಿ ಯಂತ್ರದಲ್ಲಿ ಅದು 53.693175 ಮೆಗಾಹರ್ಟ್ಸ್, ಪಾಲ್ ಯಂತ್ರದಲ್ಲಿ 53.203424. ವಿಡಿಯೋ ಚಿಪ್ ಒಂದು ಗೆರೆಗೆ 3,420 ಮಿಡಿತಗಳನ್ನು ವ್ಯಯಿಸುತ್ತದೆ; 60ರ ಸ್ಥಿತಿಯಲ್ಲಿ ಫೀಲ್ಡಿಗೆ 262 ಗೆರೆ, 50ರ ಸ್ಥಿತಿಯಲ್ಲಿ 313 ಗೆರೆ. ಭಾಗಿಸಿ ನೋಡಿದರೆ ಜಪಾನೀ ಯಂತ್ರ ಸೆಕೆಂಡಿಗೆ 59.92 ಬಾರಿ, ಬ್ರಿಟಿಷ್ ಯಂತ್ರ 49.70 ಬಾರಿ ಚಿತ್ರವನ್ನು ಬರೆಯುತ್ತದೆ. ಆ ಕಾಲದ ಬಹುಪಾಲು ಆಟಗಳು ಪ್ರತಿ ಫೀಲ್ಡಿಗೆ ಒಂದು ಹೆಜ್ಜೆ ಎಂಬ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ ಪಾಲ್ ಯಂತ್ರದಲ್ಲಿ ಅವು ಶೇಕಡಾ 17ರಷ್ಟು ನಿಧಾನ. ಸಂಗೀತವೂ ಫೀಲ್ಡಿನ ಲೆಕ್ಕಕ್ಕೆ ಕಟ್ಟಿದ್ದರೆ ಅದರ ಲಯ ಅಷ್ಟೇ ಇಳಿಯುತ್ತದೆ, ಶ್ರುತಿ ಇಳಿಯುವುದಿಲ್ಲ. ಏಕೆಂದರೆ ಸ್ವರ ಹುಟ್ಟಿಸುವ ಯಮಾಹಾ ಚಿಪ್ ಫೀಲ್ಡನ್ನು ನೋಡದೆ ಮೂಲ ಆಸಿಲೇಟರ್‌ನ ಏಳನೆಯ ಒಂದು ಭಾಗವನ್ನು ನೇರವಾಗಿ ಪಡೆಯುತ್ತದೆ. 1991ರ ಮೊದಲ ಸೋನಿಕ್ ಆಟವನ್ನು ಪಾಲ್ ಯಂತ್ರದಲ್ಲಿ ಕೇಳಿ ಬೆಳೆದವರಿಗೆ ಅದರ ವಿಳಂಬ ಕಾಲವೇ ಸಹಜವೆನಿಸಿರುತ್ತದೆ, ಮೂಲದ ಕಾಲ ಅವಸರವೆನಿಸುತ್ತದೆ. ಎರಡನೆಯ ಸೋನಿಕ್‌ನಲ್ಲಿ ಪಾಲ್ ಯಂತ್ರವನ್ನು ಗುರುತಿಸಿ ಸಂಗೀತದ ಕಾಲವನ್ನು ಸರಿಪಡಿಸುವ ಏರ್ಪಾಡು ಮಾಡಿದ್ದರು.

ಚಿತ್ರದ ಆಕಾರವೂ ಕೆಡುತ್ತದೆ. ಹೆಚ್ಚಿನ ಆಟಗಳು ಬರೆಯುವುದು 224 ಗೆರೆಗಳನ್ನು ಮಾತ್ರ. ಪಾಲ್ ಟಿವಿಯಲ್ಲಿ ಒಂದು ಫೀಲ್ಡಿಗೆ ಕಾಣುವ 288 ಗೆರೆಗಳಲ್ಲಿ ಅವು ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜಾಗ ಹಿಡಿದು, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು, ವೃತ್ತಗಳನ್ನು ಚಪ್ಪಟೆಯಾಗಿಸುತ್ತವೆ. 60ರಲ್ಲಿ ಕಾಣುವ ಗೆರೆಗಳು 240 ಮಾತ್ರವಾದ್ದರಿಂದ ಪರದೆ ಹೆಚ್ಚುಕಡಿಮೆ ತುಂಬುತ್ತದೆ.

ಇಲ್ಲೊಂದು ಅಡ್ಡಮಾತು ಸಲ್ಲುತ್ತದೆ. ತೊಂಬತ್ತರ ದಶಕದಲ್ಲಿ ನಮ್ಮ ಹೆಚ್ಚಿನ ಮನೆಗಳಲ್ಲಿದ್ದದ್ದು ಮೆಗಾ ಡ್ರೈವ್ ಅಲ್ಲ, ನಿಂಟೆಂಡೋದ ಫ್ಯಾಮಿಕಾಮ್‌ನ ನಕಲುಗಳು. ಜಪಾನೀ ಆಟಗಳು ನಮ್ಮ ಪಾಲ್ ಟಿವಿಗಳಲ್ಲಿ ಯಾವ ಸ್ವಿಚ್ಚೂ ಇಲ್ಲದೆ ಬಣ್ಣದಲ್ಲಿ ನಡೆದದ್ದು ತೈವಾನಿನ ಯುಎಂಸಿ ಕಂಪನಿಯ ಚಿಪ್‌ಗಳ ಜಾಣತನದಿಂದ. ನಿಂಟೆಂಡೋ ತನ್ನ ಪಾಲ್ ಯಂತ್ರದಲ್ಲಿ ಪ್ರೊಸೆಸರನ್ನು 1.79ರಿಂದ 1.66 ಮೆಗಾಹರ್ಟ್ಸ್‌ಗೆ ಇಳಿಸಿತ್ತು. ಯುಎಂಸಿ ಅದನ್ನು 1.77ರಲ್ಲೇ ಇಟ್ಟು, ಗೆರೆಯೊಂದಕ್ಕೆ ಪ್ರೊಸೆಸರ್ ಮಿಡಿತಗಳ ಸಂಖ್ಯೆಯನ್ನು ಜಪಾನೀ ಯಂತ್ರದಂತೆಯೇ ಉಳಿಸಿ, ಹೆಚ್ಚುವರಿ ಗೆರೆಗಳನ್ನು ಆಟಕ್ಕೆ ತಿಳಿಯದಂತೆ ಚಿತ್ರದ ಕೆಳಗೆ ತುರುಕಿತು. ನಕಲು ಮಾಡಿದವರು ಮಾನಕದ ಭಾಗಗಳನ್ನು ಬಿಡಿಬಿಡಿಯಾಗಿ ಕಂಡಿದ್ದರು. ಈ ಪ್ರಕರಣದಲ್ಲಿ ನಾವು ಮಾಡಬೇಕಾದದ್ದೂ ಅದನ್ನೇ.

ಪತ್ತೆ

ಯಂತ್ರವನ್ನು ಬಿಚ್ಚುವ ಮೊದಲು ಅಡಾಪ್ಟರನ್ನು ನೋಡಲಾಯಿತು. ಮೊದಲ ಮಾದರಿಯ ಮೆಗಾ ಡ್ರೈವ್‌ನ ಪಿನ್ನಿನಲ್ಲಿ ನಡುಭಾಗ ಋಣ, ಹೊರಭಾಗ ಧನ. ಇಂದು ಅಂಗಡಿಗಳಲ್ಲಿ ಸಿಗುವ ಬಹುತೇಕ ಅಡಾಪ್ಟರ್‌ಗಳು ಇದಕ್ಕೆ ತದ್ವಿರುದ್ಧ. ಅದೃಷ್ಟಕ್ಕೆ ಮಾಲೀಕರು ಮೂಲ ಬ್ರಿಟಿಷ್ ಅಡಾಪ್ಟರನ್ನೇ ಪಿನ್ ಬದಲಾಯಿಸುವ ಕನ್ವರ್ಟರ್ ಹಾಕಿ ಬಳಸುತ್ತಿದ್ದರು. ಜಪಾನಿನಿಂದ ಯಂತ್ರವನ್ನೇ ತರುವವರು ಗಮನಿಸಬೇಕಾದ ಮಾತೆಂದರೆ ಅಲ್ಲಿನ ಅಡಾಪ್ಟರ್ 100 ವೋಲ್ಟಿನದು. ಅದನ್ನು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ನಮ್ಮ ಯಂತ್ರದೊಳಗಿನ ಎರಡು 7805 ರೆಗ್ಯುಲೇಟರ್‌ಗಳೂ 5 ವೋಲ್ಟನ್ನು ಸ್ಥಿರವಾಗಿ ಕೊಡುತ್ತಿದ್ದವು. ಮೂವತ್ತು ವರ್ಷ ದಾಟಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳನ್ನು ಬದಲಿಸುವುದೆಂದು ನಿಶ್ಚಯಿಸಲಾಯಿತು, ಆದರೆ ಪರೀಕ್ಷೆಗಳು ಮುಗಿದ ಮೇಲೆ. ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹಿಂದಿನವರ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಬೋರ್ಡಿನಲ್ಲಿ ಪ್ರದೇಶವನ್ನು ನಿರ್ಧರಿಸಲು ಸೆಗಾ ಜೋಡಿ ಜೋಡಿಯಾಗಿ ಜಂಪರ್ ಸ್ಥಳಗಳನ್ನು ಬಿಟ್ಟಿದೆ: ಭಾಷೆಗೆ ಒಂದು ಜೋಡಿ, ಚಿತ್ರದ ವೇಗಕ್ಕೆ ಇನ್ನೊಂದು ಜೋಡಿ. ಕಾರ್ಖಾನೆಯಲ್ಲಿ ಜೋಡಿಯ ಒಂದನ್ನು ಮಾತ್ರ ಬೆಸೆದಿರುತ್ತಾರೆ. ಅಂಗಡಿಯವರು ಆ ಸಂಪರ್ಕಗಳನ್ನು ಕಡಿದು ನಡುವಿನ ತಂತಿಯನ್ನು ಸ್ವಿಚ್ಚಿನ ಮಧ್ಯಕ್ಕೂ ಉಳಿದೆರಡನ್ನು 5 ವೋಲ್ಟ್ ಮತ್ತು ಗ್ರೌಂಡಿಗೂ ಸೇರಿಸಿದ್ದರು. ಸೋಲ್ಡರ್ ಒಣಗಿರಲಿಲ್ಲ, ತಂತಿ ಸಡಿಲವಾಗಿರಲಿಲ್ಲ. ಆಟಗಳು ಓದುವ ಎ10001 ಎಂಬ ವಿಳಾಸದ ಬೈಟಿನಲ್ಲಿ ಏಳನೆಯ ಬಿಟ್ ಜಪಾನೋ ಹೊರದೇಶವೋ ಎಂಬುದನ್ನೂ ಆರನೆಯ ಬಿಟ್ ಪಾಲೋ ಎನ್‌ಟಿಎಸ್‌ಸಿಯೋ ಎಂಬುದನ್ನೂ ಹೇಳುತ್ತವೆ. ಎರಡೂ ಸ್ವಿಚ್ಚಿಗೆ ತಕ್ಕಂತೆ ಬದಲಾಗುತ್ತಿದ್ದವು. ಭಾಷೆಯ ಸ್ವಿಚ್ಚನ್ನು ಜಪಾನಿನ ಕಡೆ ಹಾಕಿದಾಗ ಸ್ಟ್ರೀಟ್ಸ್ ಆಫ್ ರೇಜ್ ಕಾರ್ಟ್ರಿಜ್ ತನ್ನನ್ನು ಬೇರ್ ನಕಲ್ ಎಂದು ಕರೆದುಕೊಂಡು ಆರಂಭವಾದದ್ದು ಇದಕ್ಕೆ ಸಾಕಷ್ಟು ಪುರಾವೆ.

ಹಾಗಿದ್ದರೆ ವಿಡಿಯೋ ಚಿಪ್ ಸವೆದಿದೆಯೆಂಬ ತೀರ್ಮಾನ ನಿಲ್ಲುತ್ತದೆಯೇ ಎಂಬುದನ್ನು ನೋಡಬೇಕಿತ್ತು. ಇದಕ್ಕೆ ನಿರ್ಣಾಯಕ ಪರೀಕ್ಷೆಯೊಂದಿದೆ. ಮೆಗಾ ಡ್ರೈವ್ ಹಿಂಬದಿಯ ಎಂಟು ಪಿನ್ನಿನ ಕಿಂಡಿಯಲ್ಲಿ ಸಾಮಾನ್ಯ ಕಾಂಪೊಸಿಟ್ ಚಿತ್ರದ ಜೊತೆಗೆ ಕೆಂಪು, ಹಸಿರು, ನೀಲಿಯ ಪ್ರತ್ಯೇಕ ಸಂಕೇತಗಳೂ ಹೊರಬರುತ್ತವೆ. ಯುರೋಪಿನಲ್ಲಿ ಇವನ್ನು ಸ್ಕಾರ್ಟ್ ಕೇಬಲಿನಿಂದ ನೇರ ಟಿವಿಗೆ ಕೊಡುತ್ತಿದ್ದರು. ನಮ್ಮ ಮಾರುಕಟ್ಟೆಯ ಟಿವಿಗಳಲ್ಲಿ ಸ್ಕಾರ್ಟ್ ಕಿಂಡಿ ರೂಢಿಯಲ್ಲಿರಲಿಲ್ಲವಾದ್ದರಿಂದ ಇಲ್ಲಿ ಅವು ಬಳಕೆಯಾಗದೆ ಉಳಿದವು. ಪ್ರತಿ ಬಣ್ಣದ ಸಾಲಿಗೂ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಕೇಬಲ್ ಮಾಡಿ, ಪ್ರತಿ ಗೆರೆಯನ್ನೂ ಇಮ್ಮಡಿಸಿ ಹೊಸ ಪರದೆಗೆ ಹೊಂದಿಸುವ ಲೈನ್ ಡಬ್ಲರ್ ಮೂಲಕ ಕಂಪ್ಯೂಟರ್ ಮಾನಿಟರಿಗೆ ಜೋಡಿಸಿ, ಸ್ವಿಚ್ಚನ್ನು 60ಕ್ಕೆ ಹಾಕಿದಾಗ ಚಿತ್ರ ತುಂಬು ಬಣ್ಣದಲ್ಲಿ ಬಂತು. ವಿಡಿಯೋ ಚಿಪ್ ಬಣ್ಣವನ್ನು ಸರಿಯಾಗಿಯೇ ಹುಟ್ಟಿಸುತ್ತಿದೆ, ಅದನ್ನು ಒಂದೇ ತಂತಿಯ ಕಾಂಪೊಸಿಟ್ ಸಂಕೇತವಾಗಿ ಹೆಣೆಯುವಲ್ಲಿ ಮಾತ್ರ ತೊಡಕಿದೆ ಎಂಬುದು ಅಲ್ಲಿಗೆ ಖಚಿತವಾಯಿತು.

ಹೆಣೆಯುವ ಕೆಲಸ ಸೋನಿ ಕಂಪನಿಯ ಸಿಎಕ್ಸ್‌ಎ1145 ಎಂಬ ಎನ್‌ಕೋಡರ್ ಚಿಪ್ಪಿನದು. ಅದಕ್ಕೆ ಬಣ್ಣದ ಉಪವಾಹಕವನ್ನು ವಿಡಿಯೋ ಚಿಪ್ಪೇ ಕೊಡುತ್ತದೆ, ಮೂಲ ಆಸಿಲೇಟರನ್ನು ಪಾಲ್ ಸ್ಥಿತಿಯಲ್ಲಿ 12ರಿಂದ, ಎನ್‌ಟಿಎಸ್‌ಸಿ ಸ್ಥಿತಿಯಲ್ಲಿ 15ರಿಂದ ಭಾಗಿಸಿ. ಪಾಲ್ ಯಂತ್ರದ 53.203424ನ್ನು 12ರಿಂದ ಭಾಗಿಸಿದರೆ 4.4336 ಮೆಗಾಹರ್ಟ್ಸ್, ಸರಿಯಾದ ಪಾಲ್ ಉಪವಾಹಕ. ಅದನ್ನೇ 15ರಿಂದ ಭಾಗಿಸಿದರೆ ಬರುವುದು 3.5469, ಬೇಕಾದದ್ದು 3.5795. ಎನ್‌ಕೋಡರಿನ ಕಾಲಿಗೆ ಫ್ರೀಕ್ವೆನ್ಸಿ ಕೌಂಟರ್ ಹಿಡಿದಾಗ ಲೆಕ್ಕ ಹೇಳಿದ ಅಂಕಿಯೇ ಕಂಡಿತು. ವ್ಯತ್ಯಾಸ ಸುಮಾರು 33 ಕಿಲೋಹರ್ಟ್ಸ್. ಟಿವಿಯ ಬಣ್ಣದ ವಿಭಾಗ ಬೆನ್ನಟ್ಟಿ ಹಿಡಿಯಬಲ್ಲದ್ದು ಸಾಮಾನ್ಯವಾಗಿ ಕೆಲವು ನೂರು ಹರ್ಟ್ಸ್ ವ್ಯತ್ಯಾಸವನ್ನು. ಅದರಾಚೆಗೆ ಹೋದರೆ ಕಲರ್ ಕಿಲ್ಲರ್ ಎಂಬ ಸರ್ಕ್ಯೂಟ್ ಬಣ್ಣವನ್ನೇ ಮುಚ್ಚಿಬಿಡುತ್ತದೆ, ತಪ್ಪು ಬಣ್ಣದ ಗೊಂದಲಕ್ಕಿಂತ ಕಪ್ಪುಬಿಳುಪು ವಾಸಿ ಎಂಬ ಕಾರಣಕ್ಕೆ. ಹೀಗಾಗಿ ಎರಡೂ ಟಿವಿಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಎನ್‌ಕೋಡರಿನ ಪಾಲ್ ಮತ್ತು ಎನ್‌ಟಿಎಸ್‌ಸಿ ಆಯ್ಕೆಯ ಕಾಲು ಕೂಡ ಪಾಲ್ ಕಡೆಗೇ ಕಟ್ಟಿಹಾಕಿಕೊಂಡಿತ್ತು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಪಾಲ್ ಆಸಿಲೇಟರ್ ಇಟ್ಟುಕೊಂಡೇ 60ರಲ್ಲಿ ನಡೆಸಿದಾಗ ಫೀಲ್ಡ್ ವೇಗ 59.38 ಆಗುತ್ತದೆ. ಮೂಲಕ್ಕಿಂತ ಶೇಕಡಾ ಒಂದಕ್ಕೂ ಕಡಿಮೆ ಅಂತರ, ಆಡುವವರ ಕೈಗೆ ತಿಳಿಯುವುದಿಲ್ಲ. ಶ್ರುತಿಯೂ ಅರ್ಧ ಸ್ವರದ ಆರನೆಯ ಒಂದು ಭಾಗದಷ್ಟು ಇಳಿದಿರುತ್ತದೆ. ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿಸಿದರೆ ತಂಬೂರಿಗೆ ಒಗ್ಗಿದ ಕಿವಿ ಅದನ್ನು ಹಿಡಿದೀತು, ಒಂಟಿಯಾಗಿ ಕೇಳಿದರೆ ಕಷ್ಟ. ವೇಗದ ದೃಷ್ಟಿಯಿಂದ ಹಳೆಯ ಸ್ವಿಚ್ ಸಾಕಷ್ಟು ಒಳ್ಳೆಯದೇ ಆಗಿತ್ತು.

ಮುಂದಿದ್ದ ದಾರಿಗಳು

ಕಾಂಪೊಸಿಟ್ಟನ್ನು ಮರೆತು ಲೈನ್ ಡಬ್ಲರಿನ ಮೂಲಕ ಎಲ್‌ಇಡಿ ಟಿವಿಯಲ್ಲಿ ಆಡುವುದು ಅತ್ಯಂತ ಸರಳವಾದ ದಾರಿ. ಯಂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಚಿತ್ರದ ಗುಣಮಟ್ಟದಲ್ಲಿ ಇದಕ್ಕೆ ಸಾಟಿಯಿಲ್ಲವೆಂಬುದು ನಿಜ. ಆದರೆ ಮಾಲೀಕರಿಗೆ ತಮ್ಮ ಸಿಆರ್‌ಟಿ ಟಿವಿಯ ಮೇಲೆಯೇ ಮನಸ್ಸು, ಅದರಲ್ಲಿರುವುದೋ ಕಾಂಪೊಸಿಟ್ ಕಿಂಡಿ ಮಾತ್ರ.

ಆಸಿಲೇಟರನ್ನು ಕಿತ್ತು ಜಪಾನೀ ಆವರ್ತನದ್ದನ್ನು ಹಾಕುವುದು ಇನ್ನೊಂದು ದಾರಿ. ಆಗ 60ರಲ್ಲಿ ಎಲ್ಲವೂ ಸರಿ. 50ರಲ್ಲಿ ಮಾತ್ರ ಅದೇ ತೊಂದರೆ ತಲೆಕೆಳಗಾಗಿ ಬರುತ್ತದೆ: 53.693175ನ್ನು 12ರಿಂದ ಭಾಗಿಸಿದರೆ 4.4744, ಪಾಲ್ ಟಿವಿ ಅದನ್ನು ಒಪ್ಪುವುದಿಲ್ಲ. ಮಾವ ತಂದ ಕಾರ್ಟ್ರಿಜ್‌ಗಳು ಕಪ್ಪುಬಿಳುಪಾಗುತ್ತಿದ್ದವು, ಆದ್ದರಿಂದ ಇದನ್ನು ಬಿಡಲಾಯಿತು.

ಮೂರನೆಯದು ಅಗ್ಗದ್ದೂ ಆಕರ್ಷಕವೂ ಆದ ದಾರಿ. 60ರ ಸ್ಥಿತಿಯಲ್ಲಿ ಎನ್‌ಕೋಡರಿಗೆ ವಿಡಿಯೋ ಚಿಪ್ಪಿನ ಉಪವಾಹಕವನ್ನು ತಪ್ಪಿಸಿ, ಪ್ರತ್ಯೇಕ 3.579545 ಮೆಗಾಹರ್ಟ್ಸ್ ಕ್ರಿಸ್ಟಲಿನಿಂದ ಕೊಡುವುದು. ಈ ಕ್ರಿಸ್ಟಲ್ ಎಸ್‌ಪಿ ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇಂದಿಗೂ ಕೇಳಿದ ತಕ್ಷಣ ಸಿಗುತ್ತದೆ. ಅಲ್ಲಿ ಯಾರೂ ಅದನ್ನು ಟಿವಿಗಾಗಿ ಇಟ್ಟಿರುವುದಿಲ್ಲ. ಫೋನಿನ ಗುಂಡಿಗಳ ಸ್ವರವನ್ನು ಗುರುತಿಸುವ ಎಂಟಿ8870 ಚಿಪ್ಪಿಗೆ ಇದೇ ಕ್ರಿಸ್ಟಲ್ ಬೇಕಾದ್ದರಿಂದ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಅದರ ಮಾರಾಟ ನಡೆಯುತ್ತಲೇ ಇರುತ್ತದೆ. ಪ್ರಯೋಗಾರ್ಥವಾಗಿ ಚಿಕ್ಕದೊಂದು ಬೋರ್ಡಿನಲ್ಲಿ ಕಟ್ಟಿ, ಎನ್‌ಕೋಡರಿನ ಆಯ್ಕೆಯ ಕಾಲನ್ನೂ ಎನ್‌ಟಿಎಸ್‌ಸಿಗೆ ತಿರುಗಿಸಿ ನೋಡಿದಾಗ ಸಿಆರ್‌ಟಿಯಲ್ಲಿ ಬಣ್ಣ ಬಂತು. ಮಾಲೀಕರು ಅಲ್ಲಿಗೇ ತೃಪ್ತರು. "ಇಷ್ಟು ಬಂದ್ರೆ ಸಾಕಲ್ವಾ ಸಾರ್, ಇನ್ನೇನು ಬೇಕು?" ಎಂದರು.

ಸಾಕಾಗಿರಲಿಲ್ಲ. ಬಣ್ಣಗಳ ಅಂಚಿನಲ್ಲಿ ಓರೆಯಾದ ಸಣ್ಣ ಪಟ್ಟೆಗಳು ನಿರಂತರವಾಗಿ ಹರಿದಾಡುತ್ತಿದ್ದವು, ನಿಂತ ಚಿತ್ರದಲ್ಲಂತೂ ಕಣ್ಣಿಗೆ ಹಿಂಸೆ. ಕಾರಣ ಲೆಕ್ಕದಲ್ಲೇ ಇದೆ. ಮೂಲ ಜಪಾನೀ ಯಂತ್ರದಲ್ಲಿ ಉಪವಾಹಕವೂ ಗೆರೆಯೂ ಒಂದೇ ಆಸಿಲೇಟರಿನಿಂದ ಹುಟ್ಟುವುದರಿಂದ ಒಂದು ಗೆರೆಯಲ್ಲಿ ಉಪವಾಹಕದ ಸರಿಯಾಗಿ 228 ಅಲೆಗಳು ಕೂರುತ್ತವೆ. ಪೂರ್ಣಸಂಖ್ಯೆಯಾದ್ದರಿಂದ ಪಟ್ಟೆಗಳು ಗೆರೆಯಿಂದ ಗೆರೆಗೆ ಒಂದರ ಕೆಳಗೊಂದು ಬಂದು ನಿಂತಲ್ಲೇ ನಿಲ್ಲುತ್ತವೆ. ಪಾಲ್ ಆಸಿಲೇಟರಿನ ಗೆರೆಯೊಳಗೆ ಸ್ವತಂತ್ರ ಕ್ರಿಸ್ಟಲಿನ ಸುಮಾರು 230.1 ಅಲೆಗಳು ಬರುತ್ತವೆ. ಆ ದಶಮಾಂಶದ ಚೂರು ಪ್ರತಿ ಗೆರೆಯಲ್ಲೂ ಪಟ್ಟೆಯನ್ನು ಪಕ್ಕಕ್ಕೆ ಜರುಗಿಸಿ ಓರೆಯಾಗಿಸುತ್ತದೆ, ಪ್ರತಿ ಫೀಲ್ಡಿನಲ್ಲೂ ಜರುಗಿಸಿ ಹರಿದಾಡಿಸುತ್ತದೆ. ಬಣ್ಣ ಬಂದರೆ ಸಾಕೆಂಬ ಬಜೆಟ್ಟಿನ ಕೆಲಸಕ್ಕೆ ಈ ವಿಧಾನವನ್ನು ತಳ್ಳಿಹಾಕಲಾರೆ. ಆದರೆ ಇದು ಮೂರನೆಯ ಸಂಗತಿಯನ್ನು ಉಳಿದೆರಡರಿಂದ ಬಿಡಿಸಿ ತಂದು ಮತ್ತೆ ಸೇರಿಸದೆ ಬಿಡುತ್ತದೆ.

ಉಳಿದದ್ದು ಎರಡು ಆವರ್ತನದ ಆಸಿಲೇಟರ್. ಹೊರಗಿನ ಒಂದು ತಂತಿಯ ವೋಲ್ಟೇಜಿಗೆ ತಕ್ಕಂತೆ 53.203424 ಅಥವಾ 53.693175 ಮೆಗಾಹರ್ಟ್ಸ್ ಕೊಡುವ ಪ್ರೋಗ್ರಾಮ್ ಮಾಡಬಹುದಾದ ಕ್ಲಾಕ್ ಚಿಪ್ಪನ್ನು ಹೊತ್ತ ಪುಟ್ಟ ಬೋರ್ಡ್ ಅದು. ಎಸ್‌ಪಿ ರಸ್ತೆಯಲ್ಲಿ ಇಂಥದ್ದು ಸಿಗುವುದಿಲ್ಲ, ಹೊರದೇಶದಿಂದ ತರಿಸಬೇಕಾಯಿತು. ವಿಡಿಯೋ ಚಿಪ್ ತಾನೇ ಭಾಗಿಸಿಕೊಳ್ಳುವುದರಿಂದ ಮೂಲ ಬದಲಾದರೆ ಉಪವಾಹಕ, ಗೆರೆ, ಫೀಲ್ಡ್, ಶ್ರುತಿ ಎಲ್ಲವೂ ತಮ್ಮತಮ್ಮ ಸಂಬಂಧ ಕೆಡದೆ ಒಟ್ಟಿಗೆ ಸರಿಹೋಗುತ್ತವೆ. ಇದನ್ನೇ ಆಯ್ದುಕೊಳ್ಳಲಾಯಿತು.

ಮಾಡಿದ ಕೆಲಸ

ಲೋಹದ ಡಬ್ಬಿಯಂತಿರುವ ಹಳೆಯ ಆಸಿಲೇಟರನ್ನು ಕೀಳುವುದೇ ಇಡೀ ಕೆಲಸದಲ್ಲಿ ನಾಜೂಕಾದ ಭಾಗ. ಅದರ ಕಾಲುಗಳಲ್ಲಿ ಒಂದು ಗ್ರೌಂಡಿನ ಅಗಲವಾದ ತಾಮ್ರಕ್ಕೆ ಬೆಸೆದಿರುವುದರಿಂದ ಬೆಸೆಯುವ ಕಡ್ಡಿಯ ಶಾಖವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಅವಸರಪಟ್ಟು ಎಳೆದರೆ ತೂತಿನ ಒಳಗಿನ ಲೇಪನವೇ ಕಿತ್ತುಬರುತ್ತದೆ. ಹೊಸ ಸೋಲ್ಡರ್ ಮತ್ತು ಧಾರಾಳ ಫ್ಲಕ್ಸ್ ಹಾಕಿ ಹಳೆಯದನ್ನು ಸಡಿಲಿಸಿ, ಹೀರುವ ಪಂಪಿನಿಂದ ಒಂದೊಂದೇ ತೂತನ್ನು ಬರಿದು ಮಾಡಿ ತೆಗೆಯಲಾಯಿತು. ಹೊಸ ಬೋರ್ಡ್ ಅವೇ ತೂತುಗಳಲ್ಲಿ ಕೂರುತ್ತದೆ. ಅದರ ಚಿಪ್ 3.3 ವೋಲ್ಟಿನದು, ಅದಕ್ಕೆ ಬೇಕಾದ ಚಿಕ್ಕ ರೆಗ್ಯುಲೇಟರ್ ಬೋರ್ಡಿನ ಮೇಲೆಯೇ ಇದೆ.

ಬಳಿಕ ಹಿಂಬದಿಯ ಹಳೆಯ 50 ಮತ್ತು 60ರ ಸ್ವಿಚ್ಚಿನ ಮಧ್ಯದ ಕಾಲಿನಿಂದ ಎರಡು ತಂತಿಗಳನ್ನು ಎಳೆಯಲಾಯಿತು: ಒಂದು ಹೊಸ ಬೋರ್ಡಿನ ಆಯ್ಕೆಯ ಕಾಲಿಗೆ, ಇನ್ನೊಂದು ಎನ್‌ಕೋಡರಿನ ಆಯ್ಕೆಯ ಕಾಲಿಗೆ. ಎನ್‌ಕೋಡರಿನ ಆ ಕಾಲು ಎತ್ತರದ ವೋಲ್ಟೇಜ್ ಇದ್ದರೆ ಎನ್‌ಟಿಎಸ್‌ಸಿ, ಇಲ್ಲದಿದ್ದರೆ ಪಾಲ್ ಎಂದು ಅರ್ಥಮಾಡಿಕೊಳ್ಳುತ್ತದೆ. ವಿಡಿಯೋ ಚಿಪ್ಪಿನ ಜಂಪರೂ ಹಾಗೆಯೇ. ಆದ್ದರಿಂದ ನಡುವೆ ಸಂಕೇತವನ್ನು ತಿರುಗಿಸುವ ಟ್ರಾನ್ಸಿಸ್ಟರ್ ಬೇಕಾಗಲಿಲ್ಲ. ಸ್ವಿಚ್ ತಿರುಗುವ ಕ್ಷಣದಲ್ಲಿ ತಂತಿ ಎರಡೂ ಕಡೆ ಸೇರದೆ ತೂಗಾಡದಂತೆ 10 ಕಿಲೋ ಓಮ್ ರೆಸಿಸ್ಟರ್ ಒಂದನ್ನು 5 ವೋಲ್ಟಿಗೆ ಕಟ್ಟಲಾಯಿತು. ಹೊಸ ತೂತು ಬೇಕಾಗಲಿಲ್ಲ. ಕೊನೆಗೆ ಕೆಪಾಸಿಟರ್‌ಗಳನ್ನು ಬದಲಿಸಿ ಪೆಟ್ಟಿಗೆ ಮುಚ್ಚಲಾಯಿತು.

ಜಪಾನೀ ಕಾರ್ಟ್ರಿಜ್‌ನ ಹೊರಮೈ ಬ್ರಿಟಿಷ್ ಕಿಂಡಿಗಿಂತ ಅಗಲ. ಅದು ಒಳಗೆ ಇಳಿಯುವುದಿಲ್ಲ. ಕಿಂಡಿಯ ಅಂಚನ್ನು ಅರದಿಂದ ತೀಡಿ ಅಗಲಿಸುವುದು ರೂಢಿ. ಮಾವ ಕೊಟ್ಟ ಪೆಟ್ಟಿಗೆಗೆ ಅರ ಹಾಕಲು ಮಾಲೀಕರು ಒಪ್ಪಲಿಲ್ಲ, ಹಾಗಾಗಿ ನಡುವೆ ಚುಚ್ಚುವ ಅಡಾಪ್ಟರೊಂದನ್ನು ಬಳಸುತ್ತಿದ್ದಾರೆ.

ಫಲಿತಾಂಶ ಮತ್ತು ಬಾಕಿ

60ರ ಸ್ಥಿತಿಯಲ್ಲಿ ಕೌಂಟರ್ ಈಗ 3.5795 ಮೆಗಾಹರ್ಟ್ಸ್ ತೋರಿಸುತ್ತದೆ, 50ರಲ್ಲಿ 4.4336. ಸಿಆರ್‌ಟಿ ಟಿವಿ ಎರಡರಲ್ಲೂ ಬಣ್ಣ ಹಿಡಿಯುತ್ತದೆ, ಎನ್‌ಟಿಎಸ್‌ಸಿಗೆ ಬದಲಾಗಲು ಒಂದು ಕ್ಷಣ ತಡೆಯುತ್ತದೆ, ಅಷ್ಟೆ. ಓರೆ ಪಟ್ಟೆಗಳ ಹರಿದಾಟ ನಿಂತಿದೆ. ಅವುಗಳ ಜಾಗದಲ್ಲಿ ಮೆಗಾ ಡ್ರೈವ್‌ನ ಸಹಜವಾದ ನಿಂತ ಕಾಮನಬಿಲ್ಲಿನ ಪಟ್ಟೆಗಳಿವೆ. ಮಾಲೀಕರು ಅದನ್ನು ದೋಷವೆಂದು ಭಾವಿಸಿ ಫೋನು ಮಾಡಿದ್ದರು. ಗೆರೆಗೆ 228 ಪೂರ್ಣ ಅಲೆಗಳಿರುವ ಯಂತ್ರದಲ್ಲಿ ಅವು ಇದ್ದೇ ಇರುತ್ತವೆ, ಟೋಕಿಯೋದಲ್ಲಿ ಕೊಂಡ ಯಂತ್ರದಲ್ಲೂ. ಸೋನಿಕ್‌ನ ಜಲಪಾತದಲ್ಲಿ ಒಂದು ಬಿಟ್ಟು ಒಂದು ಸಾಲಿನಲ್ಲಿ ಬರೆದ ಚುಕ್ಕಿಗಳು ಪಾರದರ್ಶಕ ನೀರಿನಂತೆ ಬೆರೆತು ಕಾಣುವುದಕ್ಕೂ ಕಾಂಪೊಸಿಟ್‌ನ ಇದೇ ಕಲಸುವಿಕೆ ಕಾರಣ. ಆರ್‌ಜಿಬಿಯಲ್ಲಿ, ಅಂದರೆ ಮೂರು ಬಣ್ಣಗಳ ಪ್ರತ್ಯೇಕ ಸಂಕೇತಗಳಲ್ಲಿ, ನೋಡಿದರೆ ಅದು ಬರಿಯ ಕಂಬಿಗಳ ಸಾಲು.

ಎಲ್‌ಇಡಿ ಟಿವಿಯಲ್ಲಿ ಬಣ್ಣ ಬಂದಿದೆಯಾದರೂ ಅದರ ಶಿಫಾರಸು ನಾನು ಮಾಡುವುದಿಲ್ಲ. ಮೆಗಾ ಡ್ರೈವ್ ಪ್ರತಿ ಫೀಲ್ಡಿನಲ್ಲೂ ಪೂರ್ಣ ಚಿತ್ರವನ್ನು ಅದೇ ಗೆರೆಗಳ ಮೇಲೆ ಬರೆಯುತ್ತದೆ. ಹೊಸ ಟಿವಿಗಳು ಅದನ್ನು ಪ್ರಸಾರದಂತೆ ಸಮ ಮತ್ತು ಬೆಸ ಗೆರೆಗಳ ಜೋಡಿಯೆಂದು ತಿಳಿದು ಹೊಲಿಯಲು ಹೋಗುತ್ತವೆ. ಪೆಟ್ಟು ತಿಂದ ಪಾತ್ರ ಮಿನುಗುವುದನ್ನು ಆಟಗಳು ಒಂದು ಫೀಲ್ಡ್ ಬಿಟ್ಟು ಒಂದು ಫೀಲ್ಡಿನಲ್ಲಿ ಬರೆದು ತೋರಿಸುತ್ತವೆ, ಈ ಹೊಲಿಗೆಯಲ್ಲಿ ಪಾತ್ರ ಪೂರ್ತಿ ಅದೃಶ್ಯವಾಗಿಬಿಡುವುದುಂಟು. ಆ ಟಿವಿಗೆ ಲೈನ್ ಡಬ್ಲರೇ ಸರಿ, ಅಲ್ಲೂ 60ರಲ್ಲಿ ತೊಂದರೆಯಿಲ್ಲ, 49.70 ಹರ್ಟ್ಸ್ ಸಂಕೇತವನ್ನು ಹಾಗೆಯೇ ದಾಟಿಸಿದಾಗ ಮಾಲೀಕರ ಟಿವಿ ಆಗಾಗ ಕಪ್ಪಾಗುತ್ತದೆ.

ಬಗೆಹರಿಯದೆ ಉಳಿದದ್ದು ಒಂದಿದೆ. ಕೆಲವು ಬ್ರಿಟಿಷ್ ಆಟಗಳು ಆರಂಭದಲ್ಲಿ ಆ ಆರನೆಯ ಬಿಟ್ಟನ್ನು ಓದಿ, ಪಾಲ್ ಯಂತ್ರವಲ್ಲವೆಂದು ಕಂಡರೆ ಮುಂದುವರಿಯುವುದಿಲ್ಲ. ಹಳೆಯ ಏರ್ಪಾಡಿನಲ್ಲಿ 50ರಲ್ಲಿ ಆರಂಭಿಸಿ, ಮೊದಲ ಪರದೆ ದಾಟಿದ ಮೇಲೆ ಸ್ವಿಚ್ಚನ್ನು 60ಕ್ಕೆ ತಳ್ಳಿ ಅವನ್ನು ವೇಗವಾಗಿ ಆಡಬಹುದಿತ್ತು. ಈಗ ಅದೇ ಸ್ವಿಚ್ ಮೂಲ ಆಸಿಲೇಟರನ್ನೂ ಬದಲಿಸುವುದರಿಂದ, ಆಟದ ನಡುವೆ ತಳ್ಳಿದರೆ ಪ್ರೊಸೆಸರಿನ ಮಿಡಿತ ಒಂದು ಕ್ಷಣ ಎಡವಿ ಕೆಲವೊಮ್ಮೆ ಆಟ ಹೆಪ್ಪುಗಟ್ಟುತ್ತದೆ. ಆಸಿಲೇಟರಿನ ಆಯ್ಕೆಯನ್ನು ಪವರ್ ಹಾಕಿದಾಗಿನ ಸ್ಥಿತಿಗೆ ಹಿಡಿದಿಡುವ ಸಣ್ಣ ಲ್ಯಾಚ್ ಸೇರಿಸಬಹುದು; ಆಗ ಹೆಪ್ಪುಗಟ್ಟುವುದಿಲ್ಲ, ಆದರೆ ನಡುವೆ ಬದಲಿಸಿದ ಆಟ ಮತ್ತೆ ಕಪ್ಪುಬಿಳುಪಾಗುತ್ತದೆ. ಮೇಲಾಗಿ, ಪಾಲ್ ಎಂದು ತಿಳಿದು ಸಂಗೀತದ ಕಾಲವನ್ನು ಆರಂಭದಲ್ಲೇ ಏರಿಸಿಕೊಂಡ ಆಟ 60ಕ್ಕೆ ಬಂದಾಗ ಅತಿ ದ್ರುತವಾಗುತ್ತದೆ. ಮಾಲೀಕರ ಬಳಿ ಅಂಥ ಕಾರ್ಟ್ರಿಜ್‌ಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಲ್ಯಾಚ್ ಬೇಡವೆಂದರು; ಅವುಗಳನ್ನು 50ರಲ್ಲೇ ಆಡುವುದೆಂದೂ ಸ್ವಿಚ್ಚನ್ನು ಪವರ್ ಆಫ್ ಮಾಡಿದಾಗ ಮಾತ್ರ ಮುಟ್ಟುವುದೆಂದೂ ತೀರ್ಮಾನವಾಯಿತು.